ಆಡಾಮಾದಲ್ಲಿ ಖಾಲಿಯಾಗದ ತಾಟು

ನಿಮಗೆ ಯಾವಾಗಾದರೂ ಹೀಗಾಗಿದೆಯಾ? ಹೊಟ್ಟೆ ಗಂಟಲಿನವರೆಗೆ ತುಂಬಿದೆ. ಸಾಕು ಅನ್ನುವುದನ್ನು ನಿಮಗೆ ಗೊತ್ತಿರುವ ರೀತಿಯಲ್ಲಿ ತೋರಿಸುತ್ತೀರಿ. ಎದುರಿನವರು ಅದನ್ನೇ ನೋಡಿ, ಪಾಪ ಇನ್ನೂ ಹಸಿದಿದ್ದಾರೆ ಅಂದುಕೊಂಡು ಮತ್ತೆ ಬಡಿಸುತ್ತಾರೆ. ನೀವು ಮತ್ತೆ ತೋರಿಸುತ್ತೀರಿ, ಅವರು ಮತ್ತೆ ಬಡಿಸುತ್ತಾರೆ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಮರ್ಯಾದೆಯನ್ನೇ ಮಾಡುತ್ತಿದ್ದಾರೆ, ಆದರೂ ಒಬ್ಬರ ಜೀವ ಹೋಗುತ್ತಿರುತ್ತದೆ.

ನಮ್ಮ ಯಜಮಾನರಿಗೆ ಇದು ಇಥಿಯೋಪಿಯಾದಲ್ಲಿ ಆಯಿತು. ಊರಿಗೆ ಬಂದು ಮೂರು ವಾರ ಕಳೆದಿವೆ. ಆ ಪ್ರವಾಸದಿಂದ ನಾನು ಕಲಿತದ್ದೇನು ಅಂತ ಯಾರಾದರೂ ಕೇಳಿದರೆ ಉತ್ತರ ಹೊಳೆಯುತ್ತಿಲ್ಲ. ಹೋಗುವಾಗ ನನಗೆಲ್ಲ ಸ್ಪಷ್ಟವಿತ್ತು. ಬರುವಾಗ ಏನೂ ಉಳಿದಿರಲಿಲ್ಲ.

ಆಳಂದ, ಹೊರಡುವ ಮುನ್ನ

ಹೊಸದಾಗಿ ನನ್ನ ಪುಟಕ್ಕೆ ಬಂದವರಿಗೆ ಹೇಳಿಬಿಡುತ್ತೇನೆ. ಆಳಂದದಲ್ಲಿ ನಮ್ಮದೊಂದು ಖಾನಾವಳಿ ಇದೆ. ಮಾವನವರು ಶುರು ಮಾಡಿದ್ದು. ಗೋಡೆಯ ಮೇಲೆ ಅವರೇ ಬರೆಸಿದ ಸಾಲು ಇವತ್ತಿಗೂ ಇದೆ: ಹೊಟ್ಟೆ ತುಂಬ ಊಟ. ಅಂದರೆ ರೊಟ್ಟಿಗೆ ಮಿತಿ ಇಲ್ಲ, ಬೇಡ ಅನ್ನುವವರೆಗೆ ಹಾಕುತ್ತೇವೆ. ಒಳಗೆ ಎರಡು ಒಲೆ. ಒಂದರ ಮುಂದೆ ನಾನು ಕೂರುತ್ತೇನೆ, ಇನ್ನೊಂದರ ಮುಂದೆ ನಾಗಮ್ಮ. ನಿಂಬರ್ಗಾದವಳು, ಗಂಡನಿಲ್ಲ, ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ರೊಟ್ಟಿ ಬಡಿಯುತ್ತಾಳೆ.

ಮೊದಲು ತೊಗರಿ ಚೀಲ ಹೊರುವ ಹಮಾಲರು ಬಂದು ಕೂತರೆ ತಲೆಗೆ ಐದೈದು ರೊಟ್ಟಿ. ಈಗ ಊರೇ ಬದಲಾಗಿದೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರು ಹನ್ನೊಂದಕ್ಕೇ ಗಾಡಿಯ ಮುಂದೆ ನಿಂತು ಗೋಬಿ ತಿಂದಿರುತ್ತಾರೆ, ಒಬ್ಬರು ಬೈಕಿನಿಂದ ಇಳಿದರೆ ಕುರ್ಚಿ, ಕುರ್ಚಿಯಿಂದ ಎದ್ದರೆ ಬೈಕು. ಒಂದೂವರೆ ತಿನ್ನುತ್ತಾರೆ, ಎರಡನೆಯದರ ಅರ್ಧವನ್ನು ತಾಟಿನಲ್ಲಿ ಬಿಟ್ಟು ಎದ್ದು ಹೋಗುತ್ತಾರೆ. ಆ ಅರ್ಧಗಳೆಲ್ಲ ಸೇರಿ ದಿನಕ್ಕೊಂದು ಬಕೆಟ್ ಆಗುತ್ತದೆ. ಅದು ಮನೆಯ ಎಮ್ಮೆಗೆ. ನಮ್ಮ ಎಮ್ಮೆಯಷ್ಟು ಜೋಳದ ರೊಟ್ಟಿ ತಿಂದ ಎಮ್ಮೆ ತಾಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ.

ನಾನು ಒಂದು ದಾರಿ ಹುಡುಕಿದ್ದೆ. ಎರಡು ರೊಟ್ಟಿ, ಒಂದು ಪಲ್ಯ, ಹಿಂಡಿ ಅಂದರೆ ಚಟ್ನಿಪುಡಿ, ಅನ್ನ, ಸಾರು, ಇಷ್ಟೇ ಒಂದು ತಾಟು. ಜೇವರ್ಗಿ ಕಡೆ ಈಗ ಎಷ್ಟೋ ಕಡೆ ಹೀಗೇ ಇದೆ. ಹಾಗೆ ಮಾಡಿದರೆ ಒಂದು ಒಲೆ ಸಾಕು. ಒಂದು ಒಲೆ ಸಾಕು ಅಂದರೆ ನಾಗಮ್ಮ ಬೇಡ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಸಂಕಟ, ಆದರೆ ಸುಳ್ಳು ಹೇಳಿ ಏನು ಮಾಡಲಿ.

ಯಜಮಾನರು ಸುತರಾಂ ಒಪ್ಪಲಿಲ್ಲ.

“ಎಣಿಸಿ ಹಾಕೋದಾದ್ರ ಖಾನಾವಳಿ ಯಾಕ ಬೇಕು? ದವಾಖಾನಿ ತೆಗಿ,” ಅಂದರು.

ಹೀಗನ್ನುವ ಮನುಷ್ಯನ ಹೊಟ್ಟೆಯ ಕತೆ ನನಗೊಬ್ಬಳಿಗೇ ಗೊತ್ತು. ಒಂದು ಕಾಲಕ್ಕೆ ಆರು ರೊಟ್ಟಿ ತಿನ್ನುತ್ತಿದ್ದವರು ಒಂದು ವರ್ಷದಿಂದ ಎರಡಕ್ಕೆ ಬಂದಿದ್ದಾರೆ. ಕಲಬುರಗಿಗೆ ಕರೆದುಕೊಂಡು ಹೋಗಿ ಎಲ್ಲ ತಪಾಸಣೆ ಮಾಡಿಸಿದೆ. ಏನೂ ಇಲ್ಲ, ವಯಸ್ಸಾತಲ್ರಿ ಅಷ್ಟ ಅಂದರು ಡಾಕ್ಟರು. ಅದನ್ನು ಇವರು ಬೈಗುಳ ಅಂದುಕೊಂಡರು. ತಾವು ಎರಡು ತಿಂದು ಎದ್ದು, ದುಡ್ಡಿನ ಗಲ್ಲೆಯ ಮೇಲೆ ಕೂತು ಗಿರಾಕಿಗಳಿಗೆ ಮಾತ್ರ, “ಏನ್ರೀ ಸಾಹುಕಾರ, ಗುಬ್ಬಿ ತಿಂದಂಗ ತಿಂತೀರಿ, ಮನ್ಯಾಗ ಬೈತಾರೇನು?” ಅನ್ನುವುದು ಬಿಡಲಿಲ್ಲ.

ಹೊರಡುವ ಹಿಂದಿನ ದಿನ ನಾಗಮ್ಮ ಹಿಟ್ಟಿನ ಕೈ ಒರೆಸಿಕೊಂಡು ನೇರ ಕೇಳಿದಳು.

“ವೈನಿ, ನೀವು ಬಂದ ಮ್ಯಾಲ ನಾ ಬರೋದೋ ಬ್ಯಾಡೋ, ಹೇಳ್ರಿ. ತೊಗರಿ ರಾಶಿಗಿ ಕೂಲಿ ಹೋಗೋರು ಹೆಸರು ಕೊಡಬೇಕು. ಆ ಮ್ಯಾಲ ಯಾರೂ ಕರ್ಯಾಂಗಿಲ್ಲ.”

“ಬಂದ ಮ್ಯಾಲ ಹೇಳ್ತೇನಿ ನಾಗಮ್ಮ.”

“ಹದಿನೈದು ದಿನದ ಒಳಗ ಹೇಳ್ಬೇಕ್ರಿ.”

“ಹೂಂ, ಹದಿನೈದು ದಿನ.”

ಆ ಹದಿನೈದು ದಿನ ಖಾನಾವಳಿ ನನ್ನ ಮೈದುನ ಮತ್ತು ನಾಗಮ್ಮನ ಮೇಲೆ. ಅವಳಿಗೆ ಕೊಟ್ಟ ಮಾತನ್ನು ಹೊತ್ತುಕೊಂಡು ನಾನು ವಿಮಾನ ಹತ್ತಲು ಹೊರಟೆ.

ಖಜೂರಿ ದಾಟಿ, ಮುಂಬೈ

ನನ್ನ ತಂಗಿ ಮಹಾದೇವಿಯ ಗಂಡ ಇಥಿಯೋಪಿಯಾದ ಆಡಾಮಾ ಅನ್ನುವ ಊರಿನಲ್ಲಿ ಮೇಷ್ಟ್ರು, ದೊಡ್ಡ ಹುಡುಗರಿಗೆ ಪಾಠ ಹೇಳುತ್ತಾರೆ. ಆರು ವರ್ಷದಿಂದ ಬಾ ಬಾ ಅನ್ನುತ್ತಿದ್ದಳು. ನಾವು ಅಫಜಲಪುರದ ಅಕ್ಕ-ತಂಗಿಯರು, ಭೀಮಾ ನದಿ ಬಿಟ್ಟು ದೂರ ಹೋದವರಲ್ಲ. ಅವಳು ಹೋದಳು ನೋಡಿ.

ಖಜೂರಿ ದಾಟಿ ಮಹಾರಾಷ್ಟ್ರ ಹೊಕ್ಕು, ಸೊಲ್ಲಾಪುರದಲ್ಲಿ ರೈಲು ಹಿಡಿದು ಮುಂಬೈಗೆ ಹೋದೆವು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇವರ ಕೈಚೀಲವನ್ನು ಬದಿಗೆ ತೆಗೆದರು. ಬಿಚ್ಚಿದರೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಕಟ್ಟು. ನನಗೇ ಗೊತ್ತಿರಲಿಲ್ಲ.

“ಎಷ್ಟವ?” ಅಂತ ನಾನು ಕೇಳಿದೆ.

“ನಲವತ್ತು.”

“ತಿನ್ನೋರ್ಯಾರು?”

“ಅಲ್ಲಿ ಊಟ ಕಡಿಮಿ ಬಿದ್ರ?”

ಆ ಅಧಿಕಾರಿ ಒಂದು ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಹಲಗೆಯಂತೆ ಸದ್ದಾಯಿತು. ಇವರು ಕೂಡಲೇ ಒಂದು ಚೂರು ಮುರಿದು, ತಿನ್ನಿ ಸಾಹೇಬ್ರೇ ಅಂತ ಹಿಂದಿಯಲ್ಲಿ ಒತ್ತಾಯ ಶುರು ಮಾಡಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಆತ ಕೈ ಮುಗಿದು ಕಳಿಸಿಕೊಟ್ಟ. ಅನ್ನ ಬೇಡ ಅಂದವರನ್ನು ಇವರು ಅಷ್ಟು ಸುಲಭಕ್ಕೆ ಬಿಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಡಿಸ್ ಅಬಾಬಾ, ಮೊದಲ ಊಟ

ಮಹಾದೇವಿ ರಾಜಧಾನಿಗೆ ಬಂದು ಕರೆದುಕೊಂಡಳು. ಗೋಡೆಯ ಗಡಿಯಾರ ಆರು ತೋರಿಸುತ್ತಿತ್ತು, ಹೊರಗೆ ನಡುನೆತ್ತಿಯ ಬಿಸಿಲು. ಅಲ್ಲಿ ಸೂರ್ಯ ಹುಟ್ಟಿದ ಮೇಲೆ ಒಂದು, ಎರಡು ಅಂತ ಎಣಿಸುತ್ತಾರಂತೆ, ಹಾಗಾಗಿ ಮಧ್ಯಾಹ್ನ ಅಂದರೆ ಆರು ಗಂಟೆ. ಯಾವಾಗ ಹಸಿವಾಗಬೇಕು ಅನ್ನುವುದೇ ನನಗೆ ತಿಳಿಯದಾಯಿತು.

ಹೋಟೆಲಿನಲ್ಲಿ ಮೂವರು ಕೂತೆವು. ಬಂದದ್ದು ಒಂದೇ ತಾಟು. ತಾಟು ಅಂದರೆ ಮದುವೆ ಮನೆಯ ಪರಾತದಷ್ಟು. ಅದರ ತುಂಬ ಇಂಜೆರಾ ಅನ್ನುವ ಹುಳಿ ದೋಸೆ ಹಾಸಿ, ಅದರ ಮೇಲೆ ಅಲ್ಲಲ್ಲಿ ಬೇಳೆ, ಸೊಪ್ಪು, ಕೋಸು, ಗಜ್ಜರಿ. ನಮ್ಮ ಪುಣ್ಯಕ್ಕೆ ಅಂದು ಬುಧವಾರ. ಬುಧವಾರ, ಶುಕ್ರವಾರ ಅಲ್ಲಿಯ ಕ್ರೈಸ್ತರಿಗೆ ಉಪವಾಸ. ಆ ದಿನ ಮಾಂಸ, ಹಾಲು, ಬೆಣ್ಣೆ ಏನೂ ಮುಟ್ಟುವುದಿಲ್ಲ. ಉಪವಾಸದ ಊಟ ಕೊಡಿ ಅಂದರೆ ನಮ್ಮಂಥವರಿಗೆ ಹಬ್ಬ. ಮಧ್ಯದಲ್ಲಿ ಕಡಲೆ ಹಿಟ್ಟಿನದೊಂದು ಪದಾರ್ಥ ಇತ್ತು. ಬಾಯಿಗಿಟ್ಟರೆ ನಮ್ಮ ಜುಣಕವೇ, ಜರಾ ತೆಳ್ಳಗೆ.

“ನನ್ನ ತಾಟು?” ಅಂದರು ಯಜಮಾನರು.

“ಇದ ನಿಮ್ಮ ತಾಟು ಮಾಮಾ. ನನ್ದೂ ಇದ, ಅಕ್ಕಂದೂ ಇದ,” ಅಂದಳು ಮಹಾದೇವಿ.

“ಎಂಜಲು?”

“ಇಲ್ಲಿ ಆ ಲೆಕ್ಕಿಲ್ರಿ.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದೇ ತಾಟಿನಲ್ಲಿ ನಾವು ಉಂಡದ್ದು ಜೀವನದಲ್ಲಿ ಒಂದೇ ಸಲ, ಮದುವೆಯ ಭೂಮದ ಊಟದಲ್ಲಿ. ನೆಂಟರೆಲ್ಲ ಸುತ್ತ ಕೂತು ನಗುತ್ತಿರುವಾಗ ಇವರು ನನ್ನ ಬಾಯಿಗೆ ಹೋಳಿಗೆ ತುರುಕಿದ್ದರು. ಅದಾಗಿ ಇಪ್ಪತ್ತೆಂಟು ವರ್ಷ.

ಉಂಡೆವು. ಇವರು ತಮ್ಮ ಬದಿಯಿಂದ ಚೂರು ಚೂರು ಹರಿದು ತಿಂದರು. ಎಷ್ಟು ತಿಂದರು ಅಂತ ಎಣಿಸಲು ನಾನು ಬಹಳ ಪ್ರಯತ್ನಿಸಿದೆ. ರೊಟ್ಟಿಯಾದರೆ ಎರಡು ಅನ್ನಬಹುದು, ಮೂರು ಅನ್ನಬಹುದು. ಇಲ್ಲಿ ಎಲ್ಲಿ ಅವರದು ಮುಗಿದು ಎಲ್ಲಿ ನನ್ನದು ಶುರುವಾಯಿತು ಅಂತಲೇ ತಿಳಿಯಲಿಲ್ಲ. ಒಂದು ವರ್ಷದಿಂದ ದಿನಾ ಎಣಿಸಿಕೊಂಡು ಬಂದವಳು ನಾನು. ಆ ದಿನ ಲೆಕ್ಕ ತಪ್ಪಿತು.

ಆಡಾಮಾ, ಶುಕ್ರವಾರ

ತಂಗಿಯ ಮನೆ ಹತ್ತಿರ ಆಲ್ಮಾಜ್ ಅನ್ನುವ ಹೆಂಗಸಿನ ಸಣ್ಣ ಊಟದ ಮನೆ ಇದೆ. ನನ್ನಷ್ಟೇ ವಯಸ್ಸು, ನನಗಿಂತ ಜೋರು. ನಾವೂ ಖಾನಾವಳಿಯವರು ಅಂತ ಮಹಾದೇವಿ ಹೇಳಿದ್ದೇ ತಡ, ಶುಕ್ರವಾರ ಮಧ್ಯಾಹ್ನ ನಮ್ಮಲ್ಲೇ ಊಟ ಅಂದಳು. ಅಡಿಗೆಯವರು ಅಡಿಗೆಯವರನ್ನು ಕರೆದರೆ ಅದು ಊಟವಲ್ಲ, ಪರೀಕ್ಷೆ.

ಕೈಗೆ ನೀರು ಹಾಕಿದಳು. ಬುಟ್ಟಿಯಂಥ ಮೇಜಿನ ಮೇಲೆ ತಾಟು ಇಟ್ಟಳು. ಒಂದು ತುತ್ತು ಕಟ್ಟಿ ಯಜಮಾನರ ಬಾಯಿಯ ಮುಂದೆ ಹಿಡಿದಳು.

“ಇದೇನಬೇ?” ಅಂದರು ಇವರು ತುಟಿ ಬಿಗಿದುಕೊಂಡೇ.

“ಪ್ರೀತಿಲೇ ಉಣಸೋದು ಮಾಮಾ, ಇಲ್ಲಿ ಪದ್ಧತಿ. ಬ್ಯಾಡ ಅನಬ್ಯಾಡ್ರಿ, ಅವಮಾನ ಆಗ್ತದ,” ಅಂದಳು ಮಹಾದೇವಿ.

ಪೋಲಿಯೋ ಹನಿ ಹಾಕಿಸಿಕೊಳ್ಳುವ ಕೂಸಿನ ಹಾಗೆ ಬಾಯಿ ತೆರೆದರು. ತುತ್ತು ಮುಷ್ಟಿಯಷ್ಟಿತ್ತು. ದೊಡ್ಡ ತುತ್ತು ಕೊಟ್ಟಷ್ಟೂ ಮರ್ಯಾದೆ ಹೆಚ್ಚಂತೆ. ಅಂಥವು ಮೂರು ಕೊಟ್ಟಳು. ಇವರ ಕಣ್ಣಲ್ಲಿ ನೀರು ಬಂತು, ಖಾರಕ್ಕೋ ನಾಚಿಕೆಗೋ ಗೊತ್ತಾಗಲಿಲ್ಲ.

ಅಷ್ಟರವರೆಗೆ ಎಲ್ಲ ಸರಿಯಿತ್ತು. ನಾನೂ ಮಹಾದೇವಿಯೂ ಸಾಕು ಅಂತ ಕೈ ತೆಗೆದೆವು. ತಾಟಿನಲ್ಲಿ ಇನ್ನೂ ಒಬ್ಬರ ಊಟ ಉಳಿದಿತ್ತು. ಇವರು ಅದನ್ನು ನೋಡಿದರು. ನಮ್ಮ ಮನೆತನ ನಿಮಗೆ ಗೊತ್ತಿಲ್ಲ. ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ, ಪ್ರಸಾದ ಒಂದು ಅಗಳೂ ಬಿಡುವ ಹಾಗಿಲ್ಲ. ಊಟ ಮುಗಿದ ಮೇಲೆ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯಬೇಕು. ಮಾವನವರು ಹಾಗೆ ಮಾಡುತ್ತಿದ್ದರು. ಇವರೂ ಬಿಟ್ಟಿಲ್ಲ, ಹೋಟೆಲಿರಲಿ ಮದುವೆ ಮನೆಯಿರಲಿ. ಒಂದು ವರ್ಷದಿಂದ ಇವರಿಗೆ ಅನುಕೂಲವಾಗಿದ್ದುದು ಏನೆಂದರೆ, ಹಾಕಿಸಿಕೊಳ್ಳುವುದೇ ಕಡಿಮೆ. ಇಲ್ಲಿ ಹಾಕಿಸಿಕೊಳ್ಳುವುದು ಅವರ ಕೈಯಲ್ಲಿರಲಿಲ್ಲ.

ಎಲ್ಲ ತಿಂದರು. ಹಾಸಿದ್ದ ಇಂಜೆರಾವನ್ನೂ ಅಂಚಿನಿಂದ ಎತ್ತಿ ಮುಗಿಸಿದರು. ತಾಟು ಲಕಲಕ ಹೊಳೆಯಿತು. ಆಲ್ಮಾಜ್ ಬಂದು ನೋಡಿ, ಅಯ್ಯೋ ಅನ್ನುವ ಹಾಗೆ ಎದೆಗೆ ಕೈ ಇಟ್ಟುಕೊಂಡು ಒಳಗೆ ಓಡಿದಳು. ಹೊಸ ಇಂಜೆರಾ, ಅದರ ಮೇಲೆ ಮತ್ತೆ ಜುಣಕ.

“ಹೊಟ್ಟಿ ತುಂಬಿದ್ರ ತಾಟಿನ್ಯಾಗ ಇಷ್ಟರ ಉಳೀಬೇಕು ಅಂತಾಳ,” ಅಂದಳು ಮಹಾದೇವಿ. “ಬರೀ ತಾಟು ಕಂಡ್ರ ಅಕಿಗಿ ಅವಮಾನ. ಜರಾ ಬಿಡ್ರಿ ಮಾಮಾ.”

“ಬಿಡ್ಲಾ? ಪ್ರಸಾದ ಬಿಡ್ಲಾ?”

“ತಿಳಿಸಿ ಹೇಳು ಅಕಿಗಿ,” ಅಂದೆ ನಾನು.

ಮಹಾದೇವಿ ಹೇಳಿದಳು. ಆಲ್ಮಾಜ್ ತಲೆಯಾಡಿಸಿ ಏನೋ ಅಂದಳು. ಅದನ್ನು ತಂಗಿ ಕನ್ನಡಕ್ಕೆ ತಂದಳು: “ಬಾಯಿ ಸಾಕಂತದ, ತಾಟು ಬೇಕಂತದ. ನಾ ತಾಟನ್ನ ನಂಬಾಕಿ ಅಂತಾಳ.”

ಇವರು ಮತ್ತೆ ತಿಂದರು. ಅರ್ಧಕ್ಕೆ ಬಂದಾಗ ಹಣೆಯಲ್ಲಿ ಬೆವರು. ನಾನೊಂದಿಷ್ಟು ತಿಂದು ಸಹಾಯ ಮಾಡಿದೆ. ಮುಗಿದ ಕೂಡಲೇ, ಅವಳು ಬರುವ ಮೊದಲೇ, ಲೋಟದ ನೀರನ್ನು ತಾಟಿಗೆ ಸುರಿದು, ಬೆರಳಿನಿಂದ ತೊಳೆದು, ಆ ಪರಾತವನ್ನು ಎರಡೂ ಕೈಯಿಂದ ಎತ್ತಿ ಕುಡಿದುಬಿಟ್ಟರು. ಊಟ ಮುಗಿಯಿತು ಅನ್ನುವುದಕ್ಕೆ ಇದಕ್ಕಿಂತ ಖಚಿತವಾದ ಗುರುತು ನಮ್ಮಲ್ಲಿಲ್ಲ.

ಪಕ್ಕದ ಮೇಜಿನವರು ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ಆಲ್ಮಾಜ್ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ, ಈ ಸಲ ಎರಡು ಇಂಜೆರಾ ತಂದಳು. ಅವಳ ಮುಖದಲ್ಲಿ ಕರುಣೆ ಇತ್ತು. ಆ ಕರುಣೆ ನೋಡಿ ಇವರ ಮುಖ ಬಿಳಿಚಿತು.

“ಹೆಂಗರ ಮಾಡಿ ಉಳಸಬೇ ನನ್ನ,” ಅಂದರು ಮೆತ್ತಗೆ. ಮದುವೆಯಾದ ಮೇಲೆ ನನ್ನ ಹತ್ತಿರ ಇಂಥ ಮಾತು ಆಡಿದ್ದು ಅದೇ ಮೊದಲು.

ನಾನು ಅವರ ಹೆಗಲ ಮೇಲಿನ ಟಾವೆಲ್ ಎಳೆದುಕೊಂಡು, ಎರಡೂ ಇಂಜೆರಾ ಮಡಿಸಿ ಕಟ್ಟಿ, ಮನೆಗೆ ಒಯ್ಯುತ್ತೇವೆ ಅಂತ ಸನ್ನೆ ಮಾಡಿದೆ. ಆಲ್ಮಾಜಳಿಗೆ ಎಷ್ಟು ಸಂತೋಷವಾಯಿತೆಂದರೆ, ಕಟ್ಟಿಗೆ ಇನ್ನೂ ಮೂರು ಸೇರಿಸಿದಳು.

ಆಡಾಮಾ, ಶನಿವಾರ

ಮರುದಿನ ಇವರು ಏಳಲಿಲ್ಲ. ಓಮದ ನೀರು ಕುಡಿಸಿ ಮಲಗಿಸಿದೆ. ಕಪಾಟಿನ ಮೇಲೆ ನಲವತ್ತು ಕಡಕ್ ರೊಟ್ಟಿಯ ಕಟ್ಟು, ಪಕ್ಕದಲ್ಲಿ ಐದು ಇಂಜೆರಾದ ಕಟ್ಟು. ಎರಡನ್ನೂ ನೋಡಿ, ಛಾವಣಿ ಕಡೆ ಮುಖ ಮಾಡಿ ಕೇಳಿದರು:

“ನಾನೂ ಮಂದಿಗಿ ಹಿಂಗ ಮಾಡೇನೇನು?”

“ದಿನಾ ಮಾಡೀರಿ.”

“ಮತ್ತ ಹೇಳ್ಲಿಲ್ಲ ನೀ?”

“ಹೇಳೇನ್ರಿ. ನೀವು ಗಲ್ಲೆ ಮ್ಯಾಲ ಕೂತಾಗ ಯಾರ ಮಾತು ಕೇಳೀರಿ?”

ಓಮದ ನೀರಿನ ಲೋಟ ಬದಿಗೆ ಸರಿಸಿದರು. ಆಮೇಲೆ, “ಎರಡು ರೊಟ್ಟಿ ತಾಟು ಮಾಡು. ನೀ ಹೇಳಿದ್ದ ಖರೇ ಅದ. ಒತ್ತಿ ಉಣಸೋದು ಪಾಪ. ಹೋದ ಕೂಡ್ಲೇ ನಾಗಮ್ಮಗ ಹೇಳಿಬಿಡು,” ಅಂದು ಗೋಡೆಗೆ ತಿರುಗಿ ಮಲಗಿದರು.

ನಾನು ಗೆದ್ದಿದ್ದೆ. ಒಂದು ವರ್ಷದಿಂದ ಹಿಡಿದ ಹಟ ಗೆದ್ದಿದ್ದೆ. ಖುಷಿಯಾಗಬೇಕಿತ್ತು.

ಮಧ್ಯಾಹ್ನ ಮಹಾದೇವಿಯ ಜೊತೆ ಆಲ್ಮಾಜಳ ಅಡಿಗೆ ಮನೆಗೆ ಹೋದೆ. ಒಬ್ಬ ಹೆಂಗಸು ಬಂಡಿ ಗಾಲಿಯಷ್ಟು ಅಗಲದ ಹಂಚಿನ ಮೇಲೆ ಸುತ್ತಿ ಸುತ್ತಿ ಹಿಟ್ಟು ಸುರಿಯುತ್ತಿದ್ದಳು. ಕೈ ನೋಡಿದರೆ ನಾಗಮ್ಮನದೇ ಕೈ, ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿದ್ದವು. ಆಲ್ಮಾಜ್ ಮಾತು ಶುರು ಮಾಡಿದಳು. ಮೊದಲು ನಾಲ್ಕು ಜನ ಬಂದು ಒಂದು ತಾಟಿಗೆ ಕೂರುತ್ತಿದ್ದರಂತೆ. ಈಗ ಕಾಲೇಜಿನವರು ಒಬ್ಬೊಬ್ಬರೇ ಬರುತ್ತಾರೆ, ಮೊಬೈಲು ಮುಂದಿಟ್ಟುಕೊಂಡು ಅರ್ಧ ಕೊಡಿ ಅನ್ನುತ್ತಾರೆ. ಅರ್ಧ ಹೇಗೆ ಕೊಡಲಿ, ಹಂಚು ಇರುವುದೇ ಇಷ್ಟಗಲ ಅಂದಳು. ನನಗೆ ಆಳಂದದಲ್ಲೇ ಕೂತ ಹಾಗಾಯಿತು.

“ಸಣ್ಣ ಹಂಚು ತಗೋ ಅನ್ನು,” ಅಂದೆ ತಂಗಿಗೆ.

ಅದನ್ನು ಕೇಳಿ ಇಬ್ಬರೂ ನಕ್ಕರು, ಹಂಚಿನ ಮುಂದಿನವಳು ಜಾಸ್ತಿ ನಕ್ಕಳು. ಆಲ್ಮಾಜ್ ಹೇಳಿದ್ದು ಇಷ್ಟು: ಒಬ್ಬನೇ ಬಂದವನ ಮುಂದೆ ಅರ್ಧ ಇಟ್ಟರೆ ಅವನು ತಿಂದು ಹೋಗುತ್ತಾನೆ. ಪೂರ್ತಿ ಇಟ್ಟರೆ, ಉಳಿದದ್ದನ್ನು ನೋಡಿ ಯಾರನ್ನಾದರೂ ಕರೆಯಬಹುದು.

“ಯಾರೂ ಬರಲಿಲ್ಲ ಅಂದ್ರ?”

ಅವಳು ಮಾಳಿಗೆ ಕಡೆ ಕೈ ತೋರಿಸಿದಳು. ಅಲ್ಲಿ ಚಾಪೆಯ ಮೇಲೆ ಇಂಜೆರಾದ ಚೂರುಗಳು ಒಣಗುತ್ತಿದ್ದವು, ನಮ್ಮ ಕಡಕ್ ರೊಟ್ಟಿಯ ಹಾಗೇ. ನೀವೀಗ ನನಗೆ ಕಡಕ್ ರೊಟ್ಟಿ ಮಾರುವ ಸಲಹೆ ಬರೆಯಬೇಡಿ. ನಮ್ಮ ಓಣಿಯಲ್ಲೇ ನಾಲ್ಕು ಮನೆಯವರು ಮಾರುತ್ತಾರೆ.

ಆದರೆ ಉಳಿದದ್ದನ್ನು ನೋಡಿ ಯಾರನ್ನಾದರೂ ಕರೆಯಬಹುದು ಅನ್ನುವ ಅವಳ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅವಳ ಲೆಕ್ಕ ತಪ್ಪು ಅಂತ ನನಗೆ ಗೊತ್ತು. ವ್ಯಾಪಾರಕ್ಕೆ ಅದು ನಿಲ್ಲುವುದಿಲ್ಲ. ಆದರೂ ಎರಡು ರೊಟ್ಟಿಯ ನನ್ನ ತಾಟು ಇದ್ದಕ್ಕಿದ್ದಂತೆ ಬಡಪಾಯಿಯ ಹಾಗೆ ಕಂಡಿತು. ವಾಪಸ್ಸು ಬರುವ ವಿಮಾನದಲ್ಲಿ ಇಬ್ಬರೂ ಜಗಳ ಆಡಿದೆವು, ಆದರೆ ಜಾಗ ಅದಲು ಬದಲಾಗಿತ್ತು. ಎಣಿಸಿ ಹಾಕು ಅಂತ ಅವರು. ಹೆಂಗ ಎಣಸಲಿ ಅಂತ ನಾನು.

“ಒಂದು ವರ್ಷ ತಲಿ ತಿಂದಿ. ಈಗ ಹೂಂ ಅಂದೇನಿ, ಈಗ ಬ್ಯಾಡಂತಿ. ನಿನಗ ಏನ್ ಬೇಕಾಗ್ಯದ?”

“ನನಗ ಗೊತ್ತಿಲ್ರಿ,” ಅಂದೆ. ಅದು ಖರೇ ಮಾತು.

“ಗೊತ್ತಾಗೋತನಕ ನಾಗಮ್ಮ ಕಾಯಾಂಗಿಲ್ಲ. ಹೇಳೋದು ಹೇಳಿಬಿಡು. ಆಕಿ ರಾಶಿಗರ ಹೋಗಲಿ.”

ಮತ್ತೆ ಆಳಂದ

ಬೆಳಿಗ್ಗೆ ಮನೆ ಮುಟ್ಟಿ, ಸ್ನಾನ ಮಾಡಿ, ಊಟದ ಹೊತ್ತಿಗೆ ಖಾನಾವಳಿಗೆ ಹೋದೆವು. ಇವರು ಹೊರಗೆ ಮೈದುನನ ಪಕ್ಕ ಕೂತರು. ನಾನು ಕಡೆಗೆ ಅವರ ಮಾತಿಗೇ ಒಪ್ಪಿ, ಹೇಳಬೇಕಾದ ಮಾತನ್ನು ಬಾಯಲ್ಲಿ ಕಟ್ಟಿಕೊಂಡು ಒಳಗೆ ಹೋದೆ. ನಾಗಮ್ಮ, ಇವತ್ತಿನಿಂದ ಒಂದೇ ಒಲೆ. ಅಷ್ಟೇ ಮಾತು.

ಒಲೆ ಆಗಲೇ ಒಂದೇ ಇತ್ತು. ನನ್ನದು ತಣ್ಣಗಿತ್ತು. ನಾಗಮ್ಮ ತನ್ನದರ ಮುಂದೆ ಕೂತು ಟಪಟಪ ಬಡಿಯುತ್ತಿದ್ದಳು. ಹೊರಗಿನಿಂದ ಯಾರೋ, “ಇನ್ನೊಂದು ಹಾಕ್ರಿ ಇಲ್ಲಿ,” ಅಂದರು. ಅದರ ಹಿಂದೆಯೇ ಇನ್ನೊಬ್ಬರು. ನಮ್ಮಲ್ಲಿ ಹಾಗೆ ಕೇಳಿ ಎಷ್ಟು ದಿನವಾಗಿತ್ತೋ. ಬುಟ್ಟಿಯಲ್ಲಿದ್ದ ರೊಟ್ಟಿ ಎತ್ತಿ ನೋಡಿದೆ. ನನ್ನ ರೊಟ್ಟಿಗಿಂತ ನಾಲ್ಕು ಬೆರಳು ಸಣ್ಣದು.

“ಇದೇನು ನಾಗಮ್ಮ?”

ಅವಳು ಕೈ ನಿಲ್ಲಿಸಲಿಲ್ಲ. “ಒಬ್ಬಾಕಿನ ಇದ್ದೆ ವೈನಿ. ದೊಡ್ಡವು ಬಡಿಲಾಕ ಕೈ ಸಾಲಲಿಲ್ಲ. ಸಣ್ಣವು ಮಾಡಿದೆ, ಲಗು ಬೇಯ್ತಾವ. ಮೊದಲ್ನೇ ದಿನ ಯಾರರ ಬೈತಾರಂತ ಅಂಜಿದ್ದೆ.”

“ಬೈದ್ರೇನು?”

“ಯಾರೂ ನೋಡ್ಲಿಲ್ರಿ. ಎರಡು ಉಂಡು, ಮೂರ್ನೇದು ಕೇಳಿದ್ರು. ದೊಡ್ಡದು ಇದ್ದಾಗ ಎರಡ್ನೇದ್ರಾಗ ಅರ್ಧ ಬಿಡ್ತಿದ್ರು. ಬಕೆಟ್ ಬರೀದ ಅದ ನೋಡ್ರಿ. ಎಮ್ಮಿ ನಿಮ್ಮ ಮೈದುನಗ ಗುರ್ ಅನ್ನಾಕತ್ತದ.”

ಬಕೆಟ್ ಬಗ್ಗಿ ನೋಡಿದೆ. ಇಂಜೆರಾ, ಪರಾತ, ಆಲ್ಮಾಜ್, ಓಮದ ನೀರು, ಇಷ್ಟೆಲ್ಲ ದಾಟಿ ಸಮುದ್ರದ ಆಚೆ ಹೋಗಿ ಬಂದು ನನಗೆ ತಿಳಿಯದ್ದನ್ನು ಈಕೆ ಕೈ ಸಾಲದ್ದಕ್ಕೆ ಮಾಡಿ ಮುಗಿಸಿದ್ದಳು. ಅದೂ ಒಬ್ಬಳೇ. ಒಂದು ಒಲೆ ಸಾಕು ಅಂದಿದ್ದು ನಾನೇ. ಹಾಗಾದರೆ ಈಗ ಬೇಡವಾದವಳು ಯಾರು ಅನ್ನುವ ಪ್ರಶ್ನೆ ಮನಸ್ಸಿಗೆ ಬಂದು, ಅದನ್ನು ಅಲ್ಲಿಗೇ ಬಿಟ್ಟೆ.

“ಹದಿನೈದು ದಿನ ಆತ್ರಿ ವೈನಿ,” ಅಂದಳು ನಾಗಮ್ಮ. “ರಾಶಿಗಿ ಹೆಸರು ಇವತ್ತ ಕೊಡಬೇಕು. ಏನ್ ಹೇಳ್ತೀರಿ?”

ಉತ್ತರ ಕೊಡುವ ಮೊದಲು ಹೊರಗೆ ನೋಡಿದೆ. ಯಜಮಾನರು ಉಣ್ಣಲು ಕೂತಿದ್ದರು. ಎರಡು ರೊಟ್ಟಿ ಮುಗಿದಿದ್ದವು. ತಾಟು ನೋಡಿಕೊಂಡು ಕೂತಿದ್ದ ಮನುಷ್ಯ ತಲೆ ಎತ್ತಿ, ಇಡೀ ಖಾನಾವಳಿಗೆ ಕೇಳುವ ಹಾಗೆ ಕೂಗಿದರು:

“ನಾಗಮ್ಮ, ನನಗೂ ಇನ್ನೊಂದು ಹಾಕು.”

ಹುಟ್ಟಿದಾಗಿನಿಂದ ರೊಟ್ಟಿ ನೋಡಿದವರು. ಕೈಯಲ್ಲಿ ಹಿಡಿದರೆ ಅಳತೆ ತಿಳಿಯುತ್ತದೆ. ಗೊತ್ತಾಗಿ ಕೇಳಿದರೋ, ಹಸಿವು ತಿರುಗಿ ಬಂತು ಅಂತ ನಂಬಿ ಕೇಳಿದರೋ, ಅವರ ಮುಖ ನೋಡಿದರೆ ತಿಳಿಯಲಿಲ್ಲ. ಇವತ್ತಿಗೂ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

“ಹೆಸರು ಕೊಡಬ್ಯಾಡ,” ಅಂದೆ ನಾಗಮ್ಮನಿಗೆ.

ನನ್ನ ಒಲೆ ಹಚ್ಚಿ, ಹಿಟ್ಟು ಎಳೆದುಕೊಂಡು ಕೂತೆ. ರೂಢಿಯ ಕೈ, ರೊಟ್ಟಿ ಅಗಲವಾಗಿಯೇ ಬಂತು. ನಾಗಮ್ಮ ಅದನ್ನು ಹಂಚಿಗೆ ಹಾಕಲು ಬಿಡಲಿಲ್ಲ. ನನ್ನ ಕೈಯಿಂದ ತೆಗೆದುಕೊಂಡು, ಮುದ್ದೆ ಮಾಡಿ, ಅರ್ಧ ಹಿಟ್ಟನ್ನು ತನ್ನ ಕಡೆ ಇಟ್ಟುಕೊಂಡು, ಉಳಿದರ್ಧ ನನಗೆ ಕೊಟ್ಟಳು.

“ಇಷ್ಟ ಬಡೀರಿ ವೈನಿ. ಬೇಕಾದವ್ರು ಕೇಳ್ತಾರ.”

ಗೋಡೆಯ ಮೇಲಿನ ಸಾಲು ಹಾಗೇ ಇದೆ. ಅದೀಗ ನಿಜವೋ ಸುಳ್ಳೋ ನನಗೆ ಹೇಳಲು ಬರುತ್ತಿಲ್ಲ. ನಾವು ಗಿರಾಕಿಗೆ ಮೋಸ ಮಾಡುತ್ತಿದ್ದೇವಾ, ಉಪಕಾರ ಮಾಡುತ್ತಿದ್ದೇವಾ? ನೀವು ಅಫಜಲಪುರದಲ್ಲಿರಿ, ಜೇವರ್ಗಿಯಲ್ಲಿರಿ, ಪರದೇಶದಲ್ಲಿರಿ, ನಿಮ್ಮ ತಾಟಿನ ಕತೆ ಕೆಳಗೆ ಬರೆಯಿರಿ. ಮೊದಲು ಎಷ್ಟು ತಿನ್ನುತ್ತಿದ್ದಿರಿ, ಈಗ ಎಷ್ಟು, ಮತ್ತು ನಿಮಗೆ ಬಡಿಸುವವರು ಅದನ್ನು ನಿಮಗಿಂತ ಮೊದಲೇ ಕಂಡುಕೊಂಡಿದ್ದರಾ. ನಾಚಿಕೆ ಬೇಡ. ಇಲ್ಲಿ ಯಾರೂ ನಿಮ್ಮನ್ನು ಗುಬ್ಬಿ ಅನ್ನುವುದಿಲ್ಲ. ನಾನೇ ಓದಿ ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇನೆ, ರೊಟ್ಟಿ ಬಡಿಯುವ ಹೊತ್ತು ಬಿಟ್ಟು.